ಸಂತೆಯ ಮೈಕಿನಲ್ಲಿ ಕೂಗಿಸಿದ್ದು

ಆ ದಿನ ಸಂತೆಬಾಚಹಳ್ಳಿಯ ಸಂತೆಯಲ್ಲಿ ಜನ ನಕ್ಕಿದ್ದು ನಿಜವೋ, ಇಲ್ಲ ಆಮೇಲೆ ನಾನೇ ಸೇರಿಸಿಕೊಂಡ ನೆನಪೋ, ನನಗೆ ಗೊತ್ತಿಲ್ಲ. ಮೈಕಿನಲ್ಲಿ ಏನೋ ಕೂಗಿದರು, ಸೊಪ್ಪು ಮಾರುವವರ ಸಾಲಿನಿಂದ ಒಂದು ನಗೆ ಎದ್ದಿತು, ನನಗೆ ಸಿಟ್ಟು ಬಂತು. ಇಷ್ಟು ನೆನಪಿದೆ. ಏನು ಕೂಗಿದರು ಎಂಬುದು ನೆನಪಿಲ್ಲ. ನಮ್ಮ ಅಣ್ಣ ಕಾಣೆಯಾದ ಸುದ್ದಿ ಕೇಳಿ ಜನ ನಕ್ಕರು ಎಂದುಕೊಂಡು, ಇಂಥವರ ನಡುವೆ ಇನ್ನು ನಿಲ್ಲಬಾರದೆಂದು ಬಸ್ಸಿನ ಕಡೆ ಹೊರಟುಬಿಟ್ಟೆ. ಬಹಳ ದಿನ ಹೀಗೇ ನಂಬಿಕೊಂಡಿದ್ದೆ. ನನ್ನ ಜೊತೆಗಿದ್ದ ಅತ್ತಿಗೆಯನ್ನು ಕೇಳಿದರೆ, ಅಲ್ಲಿ ಯಾರೂ ನಗಲಿಲ್ಲ ಅನ್ನುತ್ತಾರೆ.

ನಾನು ಮೈಸೂರಿನಲ್ಲಿ ಇತಿಹಾಸ ಓದಿ, ಈಗ ಅದನ್ನೇ ಪಾಠ ಮಾಡುವವನು. ಒಬ್ಬನ ಮಾತನ್ನು ಒಪ್ಪುವ ಮೊದಲು ಇನ್ನೊಂದು ಸಾಕ್ಷ್ಯ ಹುಡುಕಬೇಕು, ಹೇಳುವವನಿಗೆ ಅದರಿಂದ ಏನು ಲಾಭವಿದೆ ಎಂದು ನೋಡಬೇಕು ಎಂದು ಕಲಿತವನು. ಹಬ್ಬದ ಊಟಕ್ಕೆ ಕೂತಾಗ ದೊಡ್ಡಪ್ಪನೊಬ್ಬ ನಮ್ಮ ಮುತ್ತಾತ ಚಿರತೆ ಹೊಡೆದಿದ್ದ ಎಂದರೆ, ಯಾರು ನೋಡಿದ್ದು ಎಂದು ಕೇಳಿ ಎಲೆ ಮುಂದೆಯೇ ಬೈಸಿಕೊಂಡವನು. ಆ ಅಭ್ಯಾಸ ಈಗ ನನ್ನ ಕಡೆಗೇ ತಿರುಗಿದೆ. ಅಣ್ಣನನ್ನು ಹುಡುಕಿದ ದಿನಗಳ ಒಂದೊಂದು ನೆನಪನ್ನೂ ಎತ್ತಿ ನೋಡುತ್ತೇನೆ. ಯಾವುದೂ ಗಟ್ಟಿಯಾಗಿ ಕೈಗೆ ಸಿಗುವುದಿಲ್ಲ.

ಅಣ್ಣ ಶ್ರೀರಂಗಪಟ್ಟಣದಲ್ಲಿ ಟೈಲರ್. ನನಗಿಂತ ಬಹಳ ದೊಡ್ಡವನು. ನಾನು ಓದಿದ್ದು, ಬೆಳೆದಿದ್ದು, ನಿದ್ದೆ ಮಾಡಿದ್ದು ಎಲ್ಲವೂ ಅವನ ಮೆಷಿನ್ನಿನ ಸದ್ದಿನಲ್ಲಿ. ರೆಡಿಮೇಡ್ ಬಂದ ಮೇಲೆ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಹಾಕುವುದು, ಇಂಥವೇ ಉಳಿದಿದ್ದವು. ಆದರೂ ಅಂಗಡಿ ಮುಚ್ಚಲಿಲ್ಲ. ಅವನದೊಂದು ಚಾಳಿಯಿತ್ತು. ಯಾರ ಬಟ್ಟೆಯಲ್ಲಾದರೂ ಹೊಲಿಗೆಯಿಂದ ದಾರ ಹೊರಗೆ ಬಂದಿದ್ದರೆ ಸುಮ್ಮನಿರಲಾರ. ಕತ್ತರಿ ಕೊರಳಲ್ಲೇ ನೇತಾಡುತ್ತಿದ್ದರೂ ಬಗ್ಗಿ ಹಲ್ಲಿನಲ್ಲಿ ಕಡಿಯುತ್ತಿದ್ದ. ನಾನು ಮೈಸೂರಿನ ಬಸ್ಸಿಗೆ ಓಡುವ ಹೊತ್ತಿಗೆ ಸರಿಯಾಗಿ ತೋಳು ಹಿಡಿದು ನಿಲ್ಲಿಸಿ, ಇಲ್ಲದ ದಾರ ಹುಡುಕಿ ಕಡಿದು, ತೋಳಿನ ಮೇಲೆ ಒಂದು ತಟ್ಟಿ, "ಹೋಗ್ಲಾ ಕುಳ್ಳ" ಅನ್ನುತ್ತಿದ್ದ. ನಾನು ಅವನಿಗಿಂತ ಒಂದು ಗೇಣು ಎತ್ತರ ಬೆಳೆದ ಮೇಲೂ ಅವನಿಗೆ ನಾನು ಕುಳ್ಳನೇ.

ಕೆಲವು ವರ್ಷಗಳ ಹಿಂದೆ ಅವನಿಗೆ ಜ್ವರ ಬಂತು. ಅದು ಮೆದುಳಿಗೆ ಏರಿತು. ಆಸ್ಪತ್ರೆಯಿಂದ ಬದುಕಿ ಬಂದ, ಆದರೆ ನಮ್ಮನ್ನೆಲ್ಲ ಅಲ್ಲೇ ಬಿಟ್ಟು ಬಂದ. ಅತ್ತಿಗೆ ಕಾಫಿ ತಂದುಕೊಟ್ಟರೆ, ನೀವು ಯಾರ ಮನೆಯವರು ತಾಯಿ ಎಂದು ಕೇಳುತ್ತಿದ್ದ. ದಾರ ಪೋಣಿಸದ ಮೆಷಿನ್ನಿನ ಮುಂದೆ ಕೂತು ಸುಮ್ಮನೆ ತುಳಿಯುತ್ತಿದ್ದ. ಹೀಗೇ ಒಂದು ವರ್ಷ ಕಳೆದ ಮೇಲೆ ಒಂದು ಸಂಜೆ ನಾನು ಒಳಗೆ ಬಂದಾಗ ತಲೆ ಎತ್ತಿ, "ಲೇ ಕುಳ್ಳ, ಬಸ್ಸು ಸಿಕ್ತೇನ್ಲಾ?" ಅಂದ. ಅತ್ತಿಗೆ ಸೌಟು ಹಿಡಿದುಕೊಂಡೇ ಅಡಿಗೆಮನೆಯಿಂದ ಓಡಿಬಂದರು. ಆಮೇಲೆ ಅಪರೂಪಕ್ಕೊಮ್ಮೆ, ಯಾವಾಗ ಎಂದು ಹೇಳಲಾಗದ ಹಾಗೆ, ಆ ಒಂದು ಮಾತು ಬರುತ್ತಿತ್ತು. ಅದು ಬಿಟ್ಟು ಬೇರೇನೂ ಇಲ್ಲ. ಡಾಕ್ಟರು ಒಂದೇ ಎಚ್ಚರಿಕೆ ಹೇಳಿದ್ದರು: ಫಿಟ್ಸ್ ಬರದ ಹಾಗೆ ಕೊಟ್ಟಿರುವ ಮಾತ್ರೆ ತಪ್ಪಬಾರದು. ತಪ್ಪಿ ಫಿಟ್ಸ್ ಬಂದರೆ, ಹಿಂದಿರುಗಿರುವ ಆ ಸ್ವಲ್ಪವೂ ಹೋಗಬಹುದು.

ಅಂಥವನು ಒಂದು ಬೆಳಿಗ್ಗೆ ಅತ್ತಿಗೆ ಹಾಲು ತರಲು ಹೋದಾಗ ಮನೆಯಿಂದ ಹೊರಟುಹೋದ. ಮಾತ್ರೆ ಕಿಟಕಿಯ ಮೇಲೇ ಇತ್ತು. ಪಾಂಡವಪುರದ ಬಸ್ಸು ಹತ್ತಿದ್ದನ್ನು ಬಸ್ ಸ್ಟ್ಯಾಂಡಿನ ಹೂವಿನವಳು ನೋಡಿದ್ದಳು. ಅಷ್ಟೇ ನಮಗೆ ಸಿಕ್ಕಿದ ಸುಳಿವು.

ಪೊಲೀಸರಿಗೆ ದೂರು ಕೊಟ್ಟೆವು. ಪೋಸ್ಟರಿನ ಒಕ್ಕಣೆ ಬರೆದವನು ನಾನು. ಎತ್ತರ, ಮೈಬಣ್ಣ, ದಟ್ಟವಾದ ನರೆಗೂದಲು, ದಪ್ಪ ಮೀಸೆ, ಕನ್ನಡಕ, ನೀಲಿ ಗೆರೆಯ ಷರ್ಟು. ನೋಡಿದವರು ಅಳತೆಗೆ ಹಿಡಿದು ಹೋಲಿಸಬಹುದಾದ ಗುರುತುಗಳು ಮಾತ್ರ ಇರಬೇಕು ಎಂದು ನನ್ನ ಹಟ. ಅತ್ತಿಗೆ ಪಕ್ಕದಲ್ಲಿ ಕೂತು, ದಾರ ಕಂಡರೆ ಕಡಿಯುತ್ತಾರೆ ಅಂತಲೂ ಹಾಕು ಎಂದರು, ಅದೆಲ್ಲ ಗುರುತು ಆಗುವುದಿಲ್ಲ ಎಂದು ನಾನು ಬಿಟ್ಟೆ. ಹೀಗೆಂದು ನನ್ನ ನೆನಪು. ಅತ್ತಿಗೆ ಹೇಳುವುದೇ ಬೇರೆ. "ನಾನೆಲ್ಲಪ್ಪ ಹೇಳ್ದೆ? ಆವತ್ತು ನಂಗೆ ಬಾಯೇ ಬರ್ತಿರ್ನಿಲ್ಲ." ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು. ನಡೆಯದ ಮಾತನ್ನು ನನ್ನನ್ನು ನಾನೇ ಚುಚ್ಚಿಕೊಳ್ಳಲು ಹುಟ್ಟಿಸಿಕೊಂಡೆನೇ? ಅಥವಾ ಅವರು ನನ್ನ ಮೇಲಿನ ಕನಿಕರಕ್ಕೆ ಇಲ್ಲವೆನ್ನುತ್ತಿದ್ದಾರೆಯೇ? ತೀರ್ಮಾನಿಸಲು ನನ್ನಲ್ಲಿ ಆಧಾರವಿಲ್ಲ.

ಪಾಂಡವಪುರದಿಂದ ಮುಂದೆ ಎಲ್ಲಿ ಹುಡುಕುವುದು? ಕೆ.ಆರ್.ಎಸ್. ಕಡೆ ನೋಡಿದೆವು, ಸಕ್ಕರೆ ಕಾರ್ಖಾನೆಯ ರಸ್ತೆ, ಆಲೆಮನೆಗಳು, ರೈಲ್ವೆ ಸ್ಟೇಷನ್. ಮೇಲುಕೋಟೆಗೆ ಹೋಗೋಣ ಎಂದು ಅತ್ತಿಗೆ ಅಂದಾಗ ನಾನು ಬೇಡವೆಂದೆ. ಅಣ್ಣ ದೇವಸ್ಥಾನದ ಮೆಟ್ಟಿಲು ಹತ್ತಿದವನೇ ಅಲ್ಲ, ಅಲ್ಲಿಗೆ ಹೋಗುವ ಮಾತೇ ಇಲ್ಲ, ಸುಮ್ಮನೆ ಒಂದು ದಿನ ಹಾಳು ಎಂದು ಖಂಡಿತವಾಗಿ ಹೇಳಿದೆ. ತಾನು ಯಾರೆಂಬುದನ್ನೇ ಮರೆತವನು ತನಗೆ ದೇವರಲ್ಲಿ ನಂಬಿಕೆಯಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡಿರುತ್ತಾನೆ ಎಂದು ಹೇಗೆ ಅಂದುಕೊಂಡೆನೋ.

ಆ ವಾರ ನಾಲೆಯಲ್ಲಿ ಒಂದು ಹೆಣ ಸಿಕ್ಕಿತು, ಬಂದು ನೋಡಿ ಎಂದು ಪೊಲೀಸರ ಫೋನು ಬಂತು. ಶವಾಗಾರದ ಮುಂದೆ ಅತ್ತಿಗೆಯನ್ನು ಹೊರಗೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ. ನೀರಿನಲ್ಲಿ ಊದಿದ ಮುಖ. ನರೆಗೂದಲು, ಮೀಸೆ, ಅದೇ ಎತ್ತರ. ಷರ್ಟು ಮೈಮೇಲೆ ಇರಲಿಲ್ಲ. ನಾನು ಹೌದು ಅಂದೆ. ಆ ಕ್ಷಣದಲ್ಲಿ ನನಗೆ ಒಂದು ಚೂರೂ ಅನುಮಾನವಿರಲಿಲ್ಲ. ಬದುಕಿನಲ್ಲಿ ಅಷ್ಟು ಖಚಿತವಾಗಿ ಏನನ್ನೂ ನಂಬಿದ್ದು ನೆನಪಿಲ್ಲ. ಹೊರಗೆ ಬಂದು ಅತ್ತಿಗೆಯ ಮುಂದೆ ನಿಂತೆ. ಅವರು ನನ್ನ ಮುಖ ನೋಡಿ ಎದ್ದರು, ಒಳಗೆ ಹೋದರು. ಮುಖದ ಕಡೆ ನೋಡಲೇ ಇಲ್ಲ. ಕಾಲಿನ ಮೇಲಿದ್ದ ಬಟ್ಟೆ ಸರಿಸಿ ಪಾದ ಹಿಡಿದು ನೋಡಿದರು. "ಇವ್ರಲ್ಲ" ಅಂದರು. ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಆ ಪಾದಗಳನ್ನು ತಿಕ್ಕುತ್ತ ಕೂತಿದ್ದವರು. ಆಮೇಲೆ ಆ ಬಟ್ಟೆಯನ್ನು ಮೊದಲಿದ್ದ ಹಾಗೇ ಮಡಚಿ ಹೊದಿಸಿ, ಯಾರ ಮನೆಯವರೋ ಎಂದು ಕೈ ಮುಗಿದರು. ಮಾರನೆಯ ದಿನ ಆ ಹೆಣದ ಮನೆಯವರು ಬೇರೆ ಊರಿನಿಂದ ಬಂದು ಗುರುತಿಸಿ ತೆಗೆದುಕೊಂಡು ಹೋದರಂತೆ.

ಅಣ್ಣನಲ್ಲ ಎಂದು ನನಗೆ ಸಂತೋಷವಾಗಲಿಲ್ಲ. ನನ್ನ ಕಣ್ಣನ್ನೇ ನಂಬುವಂತಿಲ್ಲವಾದರೆ ಇನ್ನು ಹುಡುಕುವುದು ಹೇಗೆ ಎಂಬ ದಿಗಿಲು ಹತ್ತಿಕೊಂಡಿತು. ದಾರಿಯಲ್ಲಿ ಹೋಗುವ ಎಲ್ಲ ಮುದುಕರೂ ಅಣ್ಣನ ಹಾಗೆ ಕಂಡರು. ಪ್ರತಿ ದಿನವೂ ಒಂದು ದಿನದ ಮಾತ್ರೆ ತಪ್ಪುತ್ತಿದೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಕೆ.ಆರ್. ಪೇಟೆಯಲ್ಲಿ ಪೋಸ್ಟರ್ ಅಂಟಿಸುವಾಗ ಹೋಟೆಲಿನವರೊಬ್ಬರು, ಸಂತೆಯಲ್ಲಿ ಕೂಗಿಸಿ, ಸುತ್ತಲಿನ ಹಳ್ಳಿಯೆಲ್ಲ ಅಲ್ಲಿಗೆ ಬರುತ್ತದೆ ಎಂದರು. ಹಾಗೆ ಸಂತೆಬಾಚಹಳ್ಳಿಗೆ ಹೋದೆವು. ಅಲ್ಲಿ ಬೀಜ, ಗೊಬ್ಬರ, ಇಲಿ ಪಾಷಾಣದ ಜಾಹೀರಾತು ಕೂಗುವ ಒಬ್ಬ ಮೈಕಿನವನಿದ್ದ. ನಡುವೆ ಕಳೆದುಹೋದ ಕುರಿ, ಸಿಕ್ಕಿದ ಕೈಚೀಲ, ತಪ್ಪಿಸಿಕೊಂಡ ಮಕ್ಕಳ ಸುದ್ದಿಯನ್ನೂ ಕೂಗುತ್ತಿದ್ದ. ನಾನು ಬರೆದುಕೊಟ್ಟಿದ್ದನ್ನು ಗಂಟಲು ಸರಿಮಾಡಿಕೊಂಡು ಓದಿದ. ದಟ್ಟವಾದ ನರೆಗೂದಲು, ದಪ್ಪ ಮೀಸೆ. ಅತ್ತಿಗೆ ಬಿಸಿಲಿನಲ್ಲಿ ನಿಂತಿದ್ದು ನೋಡಿ ಒಬ್ಬ ಸೊಪ್ಪಿನವಳು ತನ್ನ ನೆರಳಿಗೆ ಕರೆದು ಒದ್ದೆ ಗೋಣಿಚೀಲದ ಮೇಲೆ ಕೂರಿಸಿದಳು. ನಾನು ಜನರ ಮುಖ ನೋಡುತ್ತ ತಿರುಗಿದೆ. ಮೈಕಿನ ಪಕ್ಕ ಒಂದು ಸ್ಟೂಲಿತ್ತು. ಅದರ ಮೇಲೆ ಯಾರಾದರೂ ಕೂತಿದ್ದರೇ? ಆಮೇಲೆ ಮೈಕಿನಲ್ಲಿ ಬೇರೇನೋ ಕೂಗಿದರು. ಆಗಲೇ ಆ ನಗೆ. ನಾನು ಅತ್ತಿಗೆಯನ್ನು ಎಬ್ಬಿಸಿಕೊಂಡು ಹೊರಟೆ.

ಇನ್ನೂ ಹಲವು ದಿನ ಕಳೆದವು. ದಿಕ್ಕಿಲ್ಲದವರನ್ನು ನಾಗಮಂಗಲದ ಕಡೆಯ ಒಂದು ಆಸ್ಪತ್ರೆಗೆ ಕರೆತಂದು ಸೇರಿಸುತ್ತಾರೆ ಎಂದು ಯಾರೋ ಹೇಳಿದರು. ನಂಬಿಕೆಯೇನೂ ಇರಲಿಲ್ಲ, ಮನೆಯಲ್ಲಿ ಕೂರಲಾಗದೆ ಹೋದೆವು. ಅತ್ತಿಗೆ ಫೋಟೋ ಹಿಡಿದುಕೊಂಡು ವಿಚಾರಿಸಲು ಒಳಗೆ ಹೋದರು. ನಾನು ಹೊರರೋಗಿಗಳ ಬೆಂಚಿನ ಮೇಲೆ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆನೋ ಇಲ್ಲವೋ, ಅದೂ ಈಗ ಸ್ಪಷ್ಟವಿಲ್ಲ.

ಯಾರೋ ನನ್ನ ತೋಳು ಹಿಡಿದರು. ಕಣ್ಣು ಬಿಟ್ಟರೆ ತಲೆ ಬೋಳಿಸಿ ಈಗಷ್ಟೇ ಬಿಳಿ ಮೊಳಕೆ ಬರುತ್ತಿದ್ದ ಒಬ್ಬ ಮುದುಕ. ಮೀಸೆಯಿಲ್ಲ, ಕನ್ನಡಕವಿಲ್ಲ, ಮೈಗಿಂತ ದೊಡ್ಡದಾದ ಒಗೆದ ಬಿಳಿ ಷರ್ಟು, ಹೊಸ ಪಂಚೆ. ಏನ್ರೀ ಎಂದು ತೋಳು ಎಳೆದುಕೊಂಡೆ. ಅವನು ಬಿಡಲಿಲ್ಲ. ಬಗ್ಗಿ ನನ್ನ ಷರ್ಟಿನ ಮಣಿಕಟ್ಟಿನ ಹತ್ತಿರ ಬಾಯಿ ತಂದು ದಾರ ಕಡಿದ. ಪಕ್ಕಕ್ಕೆ ಉಗಿದ. ತೋಳಿನ ಮೇಲೆ ಒಂದು ತಟ್ಟಿದ.

ನಾನು ಆ ಮಾತಿಗೆ ಕಾದೆ. ಅವನು ನನ್ನನ್ನು ದಾಟಿ, ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದವನ ತೋಳಿಗೆ ಕೈ ಹಾಕಿದ.

ಅವನ ಹಿಂದೆಯೇ ಐವತ್ತು ದಾಟಿದ ಹೆಂಗಸೊಬ್ಬರು ಓಡಿಬಂದರು. "ಅಯ್ಯೋ, ತಪ್ಪು ತಿಳ್ಕೋಬೇಡಿ ಸಾ. ಇವ್ರುಗೆ ದಾರ ಕಂಡ್ರೆ ಆಗಕಿಲ್ಲ. ಉಸಾರಿಲ್ಲ ಅಂತ ಕರ್ಕಂಬಂದೀವಿ." ನಾನು ಇವನು ನನ್ನ ಅಣ್ಣ ಅಂದೆ. ಅವರು ನನ್ನನ್ನು ನಂಬಲಿಲ್ಲ. ಒಂದು ಕೈ ಅವನ ಹೆಗಲ ಮೇಲಿಟ್ಟು, ಎಲ್ಲಿಯವರು, ಏನು ಆಧಾರ, ನಿಮ್ಮ ಜೊತೆ ಬೇರೆ ಯಾರಿದ್ದಾರೆ ಎಂದು ಕೇಳಿದರು. ಸರಿಯಾದ ಪ್ರಶ್ನೆಗಳು. ಅಷ್ಟರಲ್ಲಿ ಅತ್ತಿಗೆ ಹೊರಗೆ ಬಂದರು. ಅವರ ಕೈಯಲ್ಲಿದ್ದ ಫೋಟೋ ಕೆಳಗೆ ಬಿತ್ತು. ಆಮೇಲೆ ಆ ಹೆಂಗಸು ಏನೂ ಕೇಳಲಿಲ್ಲ.

ಆ ದಿನ ಅವರ ಊರಿಗೆ ಹೋದೆವು. ಸಂತೆಬಾಚಹಳ್ಳಿಯ ಹತ್ತಿರದ ಒಂದು ಹಳ್ಳಿ. ಹೊಲ, ನಾಲ್ಕು ಹಸು, ಡೈರಿಗೆ ಹಾಲು ಹಾಕುವ ಮನೆ. ಅಣ್ಣ ಅಲ್ಲಿಗೆ ತಲುಪಿದ್ದು ಹೇಗೆಂದು ಆ ತಾಯಿಯೇ ಹೇಳಿದರು. ಮೊಮ್ಮಗುವಿನ ಮೊದಲ ಮುಡಿ ಕೊಡಲು ಮನೆಯವರೆಲ್ಲ ಟೆಂಪೋದಲ್ಲಿ ಮೇಲುಕೋಟೆಗೆ ಹೋಗಿದ್ದರು. ಕಲ್ಯಾಣಿಯ ಮೆಟ್ಟಿಲ ಮೇಲೆ ಅಣ್ಣ ಕೂತಿದ್ದ. ಎಷ್ಟು ದಿನದಿಂದ ಸ್ನಾನವಿರಲಿಲ್ಲವೋ.

"ಕೂದ್ಲೆಲ್ಲ ಗಂಟಾಕ್ಕಂಡು ಹೇನು ಅರೀತಿದ್ದೊ ಕಣಪ್ಪ. ಮಗೀಗೆ ತೆಗೀತಿದ್ರಲ್ಲ, ಅಂಗೇ ಇವ್ರುಗೂ ತೆಗ್ದುಬುಡಿ ಅಂದೆ. ಮೀಸೆ ಇರ್ಲಿ ಅಂದ್ರೆ ಇವ್ರೇ ಮೂತಿ ಚಾಚ್ಬುಟ್ರು." ನೀರು ಹಾಕಿ, ತಮ್ಮ ಗಂಡನಿಗೆಂದು ತಂದಿದ್ದ ಷರ್ಟು ಪಂಚೆ ಉಡಿಸಿ, ಪುಳಿಯೋಗರೆ ಕೊಟ್ಟು, ಒಳ್ಳೆಯದಾಗಲಿ ಎಂದು ಹೊರಟರೆ ಅಣ್ಣ ಟೆಂಪೋದಲ್ಲಿ ಕೂತಿದ್ದನಂತೆ. "ಇಳೀರಿ ಅಂದ್ರೆ, ಸೀಟು ನಂದು, ಟಿಕೆಟ್ ತಗಂಡಿವ್ನಿ ಅಂತಾರೆ. ಇನ್ನೇನ್ ಮಾಡನ? ಕರ್ಕಂಡೇ ಬಂದೊ."

ಕೂದಲು, ಮೀಸೆ, ಷರ್ಟು. ನಾನು ಬರೆದ ಒಂದೊಂದು ಗುರುತನ್ನೂ ಅವರು ಪ್ರೀತಿಯಿಂದ ತೊಳೆದು ತೆಗೆದಿದ್ದರು. ಕನ್ನಡಕ ಅದಕ್ಕೂ ಮೊದಲೇ ಎಲ್ಲೋ ಬಿದ್ದುಹೋಗಿತ್ತು. ನನ್ನ ಪೋಸ್ಟರು ವಾಟ್ಸಾಪಿನಲ್ಲಿ ಆ ಮನೆಗೂ ಬಂದಿತ್ತಂತೆ. "ಇವ್ರುಗೇ ತೋರಿಸ್ದೆ. ಚೆನ್ನಾಗಿ ನೋಡ್ಬುಟ್ಟು, ಪಾಪ ಯಾರೋ, ಮನೆಯೋರು ಎಷ್ಟು ಅಳ್ತಾವ್ರೋ ಅಂದ್ರು."

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಬುದ್ಧಿ ಬಿಡಲಿಲ್ಲ. ಅಣ್ಣನ ಬೆರಳು ನೋಡಿದೆ. ತುದಿಯೆಲ್ಲ ಗಾಯ. ದುಡಿಸಿಕೊಂಡಿದ್ದಾರೆ, ಅದಕ್ಕೇ ಯಾರಿಗೂ ತಿಳಿಸದೆ ಇಟ್ಟುಕೊಂಡಿದ್ದಾರೆ ಎಂಬ ಯೋಚನೆ ಬಂತು. ಮನಸ್ಸಿನಲ್ಲೇ ಅಂದುಕೊಂಡೆ ಎಂದು ನನ್ನ ನೆನಪು. ಬಾಯಿಬಿಟ್ಟೇ ಅಂದೆ ಎನ್ನುತ್ತಾರೆ ಅತ್ತಿಗೆ. ಆ ತಾಯಿ ಏನೂ ಬೇಸರ ತೋರಿಸದೆ ಅಟ್ಟದ ಕೆಳಗಿನ ರಾಗಿ ಚೀಲಗಳನ್ನು ತೋರಿಸಿದರು. ಹರಿದಿದ್ದ ಪ್ರತಿ ಚೀಲಕ್ಕೂ ತೇಪೆ. ಹೊಲಿಗೆ ಸಾಲು ಹಿಡಿದು ಗೆರೆ ಎಳೆದ ಹಾಗೆ ನೇರವಾಗಿತ್ತು. ಚೀಲ ಹೊಲಿಯುವ ದಬ್ಬಳ ಬಚ್ಚಿಟ್ಟರೂ ಹುಡುಕಿ ತೆಗೆಯುತ್ತಿದ್ದನಂತೆ. ಯಾರ ಕಡೆಯವರೆಂದು ತಿಳಿಯದೆ ಸಂತೆಯ ಮೈಕಿನಲ್ಲೂ ಕೂಗಿಸಿದೆವು, ಯಾರೂ ಬರಲಿಲ್ಲ ಎಂದರು. ನಾನು ತಲೆಯಾಡಿಸಿದೆ. ಎಲ್ಲರೂ ಹೇಳುವಂಥ ಮಾತು ಎಂದುಕೊಂಡೆ.

ಅವನಿಗೆ ಅವರ ಮನೆಯಲ್ಲಿ ಫಿಟ್ಸ್ ಬಂದಿತ್ತು. ಒಂದು ಸಲವಲ್ಲ. ಅದಕ್ಕೇ ಆಸ್ಪತ್ರೆಗೆ ಕರೆತಂದಿದ್ದರು. ಎಂಥ ಮಾತ್ರೆ ತಪ್ಪಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಅವರು ಮಾಡಿದ್ದು, ಅವನು ನೆಲಕ್ಕೆ ಬಿದ್ದು ಒದ್ದಾಡಿದಾಗ ತಲೆ ಕಲ್ಲಿಗೆ ಬಡಿಯದ ಹಾಗೆ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡಿದ್ದು. ಆ ಮನೆಯ ಸೊಸೆ ಹೇಳಿದಳು, ಅತ್ತೆಯ ಕೈಗೆ ಅವನು ಕಚ್ಚಿದ್ದ ಗುರುತು ಇನ್ನೂ ಇದೆ ಎಂದು. ಅವರು ಸೆರಗಿನಿಂದ ಮುಚ್ಚಿಕೊಂಡರು.

ಅಣ್ಣ ಈಗ ಮನೆಯಲ್ಲಿದ್ದಾನೆ. ಮಾತ್ರೆ ನಡೆಯುತ್ತಿದೆ. ಕೂದಲು ಬೆಳೆದಿದೆ, ಮೀಸೆಯೂ. ಪೋಸ್ಟರಿನಲ್ಲಿದ್ದವನ ಹಾಗೆಯೇ ಕಾಣುತ್ತಾನೆ. ನಾನು ಒಳಗೆ ಬಂದರೆ ಗಿರಾಕಿಗೆ ಹೇಳುವ ಹಾಗೆ ಬನ್ನಿ ಕೂತ್ಕೊಳ್ಳಿ ಅನ್ನುತ್ತಾನೆ. ಬೇಕೆಂದೇ ತೋಳಿನ ಹೊಲಿಗೆಯಲ್ಲಿ ದಾರ ಎಳೆದುಕೊಂಡು ಅವನ ಮುಂದೆ ಹೋಗಿ ನಿಂತಿದ್ದೇನೆ. ಕಡಿಯುತ್ತಾನೆ, ತಟ್ಟುತ್ತಾನೆ, ಅಷ್ಟೇ. ಕುಳ್ಳ ಅನ್ನುವವರು ನನಗೆ ಈ ಲೋಕದಲ್ಲಿ ಇಲ್ಲ. ಒಂದೆರಡು ಸಲ, ಆ ಹಳ್ಳಿಯ ತಾಯಿ ನೋಡಲು ಬಂದಾಗ, ಎದ್ದು ನಿಂತು ಅವ್ವಾ ಅಂದ. ಅತ್ತಿಗೆ ಅವರಿಗೆ ಮಡಿಲಕ್ಕಿ ಕೊಟ್ಟು ಕಳಿಸಿದರು, ಬಾಗಿಲ ಹಿಂದೆ ನಿಂತು ಅತ್ತರು. ಅದು ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ, ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಡಾಕ್ಟರನ್ನು ಒಂದು ಸಲ ಕೇಳಿದೆ, ಸಂತೆಯ ದಿನವೇ ಅಣ್ಣ ಸಿಕ್ಕಿದ್ದರೆ ಕುಳ್ಳ ಎಂಬ ಆ ಮಾತಾದರೂ ಉಳಿಯುತ್ತಿತ್ತೇ ಎಂದು. ಹೇಳಲಾಗದು ಎಂದರು. ಮೊದಲ ಫಿಟ್ಸ್ ಬಂದಿದ್ದು ಸಂತೆಗೆ ಮೊದಲೋ ಆಮೇಲೋ ಎಂದು ಆ ಮನೆಯವರಿಗೂ ಸರಿಯಾಗಿ ಹೇಳಲಾಗಲಿಲ್ಲ. ಆ ನಗೆ ಮಾತ್ರ ನನ್ನ ಕಿವಿಯಲ್ಲಿ ಉಳಿದುಕೊಂಡಿತು. ಪಾಠ ಮಾಡುವಾಗ, ಬಸ್ಸಿನಲ್ಲಿ, ಊಟಕ್ಕೆ ಕೂತಾಗ. ಕೊನೆಗೆ ತಡೆಯಲಾಗದೆ ಒಂದು ಸಂತೆಯ ದಿನ ಒಬ್ಬನೇ ಹೋದೆ.

ಮೈಕಿನವನು ಅಲ್ಲೇ ಇದ್ದ. ಪಕ್ಕದಲ್ಲಿ ಸ್ಟೂಲಿತ್ತು. ಅದರ ಮೇಲೆ ಅವನ ನೀರಿನ ಬಾಟಲಿ. ನಾನು ನಡೆದಿದ್ದನ್ನು ಹೇಳಿ, ಆ ಮನೆಯವರು ನಿಜವಾಗಿ ಕೂಗಿಸಿದ್ದರೇ ಎಂದು ಕೇಳಿದೆ. ಬೋಳುತಲೆಯವರ ವಿಷಯ ತಾನೇ ಎಂದು ಅವನಿಗೆ ಕೂಡಲೇ ನೆನಪಾಯಿತು. ಆ ತಾಯಿ ಒಂದು ಸಂತೆಯನ್ನೂ ಬಿಟ್ಟವರಲ್ಲ, ಅಣ್ಣ ಸಿಕ್ಕುವ ತನಕ ಪ್ರತಿ ಸಂತೆಗೂ ಬಂದು ಕೂಗಿಸಿದರು, ಒಂದು ಸಲ ಅಣ್ಣನನ್ನೂ ಕರೆತಂದು ಇದೇ ಸ್ಟೂಲಿನ ಮೇಲೆ ಕೂರಿಸಿದ್ದರು ಎಂದ. ನಾವು ಬಂದಿದ್ದ ದಿನವೇ ಏನು ಎಂದು ಕೇಳಿದೆ. ಎದೆ ಮುಟ್ಟಿಕೊಂಡು ಹೇಳಲಾರೆ ಎಂದ. ಜನ ನಕ್ಕಿದ್ದರೇ ಎಂದು ಕೇಳಿದೆ.

"ನಗ್ದೆ ಇನ್ನೇನು ಸಾ? ಕೂಗುವಾಗ ನಂಗೇ ನಗ ಬರ್ತಿತ್ತು. ಬೋಳುತಲೆ, ಬಿಳಿ ಷರ್ಟು ಅಂತ ನಾನ್ ಓದಿ ನಿಲ್ಲಿಸ್ಬುಟ್ರೆ ಆಯಮ್ಮ ಬುಡ್ತಿರ್ನಿಲ್ಲ. ಅದ್ನೂ ಏಳಪ್ಪ, ಅದ್ನೂ ಏಳು ಅಂತ ಪಕ್ಕದಲ್ಲೇ ನಿಂತ್ಕಳರು."

ಏನನ್ನು ಎಂದು ಕೇಳಿದೆ. ಅವನು ಮೈಕು ಹಿಡಿದುಕೊಂಡವನ ಹಾಗೆ ಕೈ ಬಾಯಿಯ ಹತ್ತಿರ ತಂದ, ಆಮೇಲೆ ನನ್ನ ಮುಖ ನೋಡಿ ಇಳಿಸಿದ. ಮೆಲ್ಲಗೆ ಹೇಳಿದ.

ನಾನು ಆ ದಿನ ಕೇಳಿಸಿಕೊಂಡೆನೋ ಇಲ್ಲವೋ ಎಂಬುದು ಹಾಗೇ ಉಳಿದಿದೆ. ಆದರೆ ಅವನು ಹೇಳಿದ್ದನ್ನು ಸೊಪ್ಪಿನ ಸಾಲಿನಲ್ಲಿ ಬೇರೆ ಬೇರೆಯಾಗಿ ಕೆಲವರನ್ನು ಕೇಳಿ ನೋಡಿದೆ. ಎಲ್ಲರೂ ಅದನ್ನೇ ಹೇಳಿದರು. ಪ್ರತಿ ಸಂತೆಯಲ್ಲೂ ಆ ತಾಯಿ ಕೂಗಿಸಿದ್ದ ಸುದ್ದಿಯ ಕೊನೆಯ ಮಾತು ಇದು: ಯಾರ ಬಟ್ಟೆಯಲ್ಲಾದರೂ ದಾರ ಕಂಡರೆ ಹಲ್ಲಿನಲ್ಲಿ ಕಡಿಯುತ್ತಾರೆ, ಕಡಿದು ತೋಳು ತಟ್ಟುತ್ತಾರೆ.